ಖಾಲಿ ಜಾಗಕ್ಕೆ ತೋರಿದ ಬೆರಳು

ಸಾಲ್ತೋ ಊರಿನ ಬ್ಯಾಸ್ಕೆಟ್‌ಬಾಲ್ ಅಂಗಳ, ಬಲೆಯ ಕೆಳಗೇ ವೇದಿಕೆ.
ನಾನು ಮಿರ್ತಾ. ಕಪ್ಪು ಅಂಗಿ, ಉಂಗುರ ಬಿಚ್ಚಿಟ್ಟ ಕೈ.
ಮಾತಾಡುವವರ ಪಕ್ಕ ನಿಂತು
ಅವರ ಬಾಯನ್ನು ನನ್ನ ಬೆರಳಿಗೆ ಇಳಿಸಿಕೊಳ್ಳುವುದು ಕೆಲಸ.
ಗಂಟೆಗಿಷ್ಟು ಅಂತ ಕೂಲಿ.
ಅಭಿಪ್ರಾಯಕ್ಕೆ ಕೂಲಿಯಿಲ್ಲ.

ಮೊದಲ ಬೆಂಚಿನಲ್ಲಿ ಆರು ಜನ ಕಿವುಡರು.
ತುದಿಗೆ ವಿಲ್ಮಾರ್:
ನಲವತ್ತು ವರ್ಷ ಕಿತ್ತಳೆ ಆರಿಸಿದವನು,
ಒಂದು ಕೊಳೆತದ್ದೂ ಪೆಟ್ಟಿಗೆ ಸೇರಲು ಬಿಡದ ಕಣ್ಣು.

ಅಮ್ಮನಿಂದ ನನಗೆ ಬಂದ ಕೈಭಾಷೆಗೆ ಒಂದು ಹಟ.
'ಅವನು' ಅನ್ನಬೇಕಾದರೆ
ಮೊದಲು ಅವನನ್ನು ಗಾಳಿಯಲ್ಲಿ ಕೂರಿಸಬೇಕು,
ಎಡಭುಜದ ಹತ್ತಿರವೋ, ಬಲಕ್ಕೋ, ಎಲ್ಲಾದರೂ.
ಆಮೇಲೆ ಅಲ್ಲಿಗೆ ಬೆರಳು.
ಕೂರಿಸದೆ ಬೆರಳೆತ್ತಿದರೆ
ನೋಡುವವರು ಬಿಡುವುದಿಲ್ಲ, ಕೇಳುತ್ತಾರೆ:
ಯಾರು?

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು:
ನಾಲ್ಕನೇ ನಂಬರ್ ಬಸ್ಸು ಏಳರ ಮೇಲೆ ಯಾಕೆ ಬರುವುದಿಲ್ಲ?
ಅಷ್ಟೇ. ಹಿಡಿಯಷ್ಟು ಪ್ರಶ್ನೆ.

ಡಾಕ್ಟರ್ ಇತುರ್ರಿಯಾ ಮೈಕಿಗೆ ಬಾಗಿದರು.
"ನನ್ನ ತಾಯಿ ಬರಿಗಾಲಲ್ಲಿ ಶಾಲೆಗೆ ನಡೆದವಳು."
ತಾಯಿಯನ್ನು ಎಡಕ್ಕೆ ಕೂರಿಸಿದೆ. ಬಸ್ಸು ಬಲಕ್ಕಿತ್ತು.
ನಡುವೆ ಎಳೆಯಲು ದಾರವೇ ಸಿಗಲಿಲ್ಲ.
"ಕೇಳಿದ ಈಕೆಯ ಗಂಡ ಹೋದ ಸಲ ಯಾರ ಬಾವುಟ ಕಟ್ಟಿದ, ಗೊತ್ತೇ?"
ಗಂಡ. ಬಾವುಟ.
ಬಸ್ಸು ಬಲಕ್ಕೆ ನಿಂತೇ ಇದೆ, ದೀಪ ಆರಿಸಿಕೊಂಡು.
"ಆಸ್ಪತ್ರೆ ಮುಚ್ಚಿ ಊರ ತುಂಬ ಬಸ್ಸು ಬಿಡಿ ಅನ್ನುತ್ತಾರೆ ಅವರು!"

ಅವರು.
ಬೆರಳೆತ್ತಿದೆ. ಎಲ್ಲಿಗೆ?
ಆ ಮಾತು ಆಡಿದವರು ಅಂಗಳದಲ್ಲಿ ಯಾರೂ ಇರಲಿಲ್ಲ.
ಬೆರ್ಚಪ್ಪನಿಗೆ ಹುಲ್ಲು ತುಂಬಿ, ಟೋಪಿ ಇಟ್ಟು,
ಅವನ ಹೊಟ್ಟೆಗೇ ಗುದ್ದುವವರನ್ನು ಕಂಡಿದ್ದೇನೆ;
ಗುದ್ದು ಮುಗಿಯುವ ತನಕ ಅವನನ್ನು ಎತ್ತಿ ಹಿಡಿಯುವುದು
ನನ್ನ ಪಾಲಿಗೆ ಬಂತು.
ವಿಲ್ಮಾರನ ಹುಬ್ಬು ಗಂಟಾಯಿತು: ಯಾರು?

"ಇವತ್ತು ಬಸ್ಸು ಕೊಡಿ, ನಾಳೆ ರೈಲು ಕೇಳುತ್ತಾರೆ,
ನಾಡಿದ್ದು ದುಡಿಯುವುದನ್ನೇ ಬಿಡುತ್ತಾರೆ."
ಕೈಯಲ್ಲಿ ಮೆಟ್ಟಿಲು ಕಟ್ಟಿದೆ. ನಡುವೆ ಹಲಗೆಯೇ ಇಲ್ಲದ ಮೆಟ್ಟಿಲು.
"ನಾನು ಬಂದ ವರ್ಷವೇ ಕಿತ್ತಳೆಗೆ ಬೆಲೆ ಬಂತು!"
ಕಾಗೆ ಕೂತಿತು, ಕೊಂಬೆ ಮುರಿಯಿತು.
ಎರಡನ್ನೂ ತೋರಿಸಿದೆ. 'ಆದ್ದರಿಂದ' ತೋರಿಸಲಿಲ್ಲ.
ಅವರು ಹೇಳಿರಲಿಲ್ಲವಲ್ಲ,
ಆ ಜಾಗದಲ್ಲಿ ಬರಿದೇ ಉಸಿರು ಎಳೆದುಕೊಂಡಿದ್ದರು.

ಹಿಂದೆ ಇನ್ನೂರು ಜನರ ಚಪ್ಪಾಳೆ.
ಮುಂದಿನ ಬೆಂಚು ನಗುತ್ತಿತ್ತು.
ಮೂಕ ನಗು ಅಂದುಕೊಳ್ಳಬೇಡಿ,
ಕಿವುಡರು ನಕ್ಕರೆ ಜೋರಾಗಿಯೇ ನಗುತ್ತಾರೆ.

ಕಥೆ ಇಲ್ಲಿಗೆ ನಿಲ್ಲಿಸಿದರೆ ನಾನು ಜಾಣೆ.

ಆಮೇಲೆ ಸುಲ್ಮಾ ಬೆರ್ರುತ್ತಿ ಬಂದಳು.
ನನ್ನ ವೋಟು ಅವಳಿಗೇ; ಫ್ರಿಜ್ಜಿನ ಬಾಗಿಲ ಮೇಲೆ ಅವಳ ಚೀಟಿ ಇದೆ.
"ಬಸ್ಸಿನ ದುಡ್ಡು ಯಾರ ಜೇಬು ಸೇರಿತು
ಅನ್ನುವುದು ಎಲ್ಲರಿಗೂ ಗೊತ್ತು," ಅಂದಳು.
ನನ್ನ ಬೆರಳು ನನ್ನನ್ನೂ ಕೇಳದೆ
ಡಾಕ್ಟರನ್ನು ಕೂರಿಸಿದ್ದ ಜಾಗಕ್ಕೆ ಹೋಯಿತು.
ಅವಳು ಹೆಸರೆತ್ತಿರಲಿಲ್ಲ, ಲೆಕ್ಕ ಕೊಟ್ಟಿರಲಿಲ್ಲ.
ಅವಳ ಮಾತಿನ ತೂತನ್ನು ನನ್ನ ದಾರದಲ್ಲಿ ಹೊಲಿದಿದ್ದೆ.
ಎತ್ತು ಈಯಿತು ಅಂದಳು ಅವಳು;
ಕೊಟ್ಟಿಗೆಗೆ ಕಟ್ಟಿದವಳು ನಾನು.

ವಿಲ್ಮಾರ್ ಕೈ ಎತ್ತಿದ.
ಈಗ ನಗುತ್ತಿರಲಿಲ್ಲ.
ಅದು ಅವಳು ಹೇಳಿದ್ದೋ? ನೀನೋ?

ಮೈಕು ಮುಂದೆ ಹೋಗಿತ್ತು, ಎರಡು ವಾಕ್ಯ ಹಿಂದೆ ಬಿದ್ದೆ.
ಹಲಗೆ ಒರೆಸುವ ಹಾಗೆ ಗಾಳಿ ಒರೆಸಿ
ತಪ್ಪು, ನನ್ನದು, ಅಂದೆ.
'ಯಾರ ಜೇಬು' ಎಂಬಲ್ಲಿ
ಬೆರಳನ್ನು ಖಾಲಿ ಜಾಗಕ್ಕೆ ತೋರಿ ಬಿಟ್ಟೆ.
ಬಿಟ್ಟದ್ದು ನೋಯಿತು. ಅದನ್ನೂ ಹೇಳಬೇಕು.

ರಾತ್ರಿ ಹತ್ತಕ್ಕೆ ಸ್ಟಾಪಿನಲ್ಲಿ ಮೂವರು:
ನಾನು, ವಿಲ್ಮಾರ್, ಪ್ರಶ್ನೆ ಕೇಳಿದ ಹೆಂಗಸು.
ಒಂದೇ ಸೋರೆಬುರುಡೆಯಿಂದ ಸರದಿಯಾಗಿ
ಕಹಿಸೊಪ್ಪಿನ ಬಿಸಿನೀರು ಹೀರಿದೆವು.
"ಅಷ್ಟು ಹೊತ್ತು ಮಾತಾಡಿದರು," ಅಂದಳು ಆಕೆ,
"ಕೊನೆಗೆ ಬಸ್ಸಿನ ಬಗ್ಗೆ ಏನಂದರು?"
ನಾನು ಕೈಯಲ್ಲಿ ದಾಟಿಸಿದೆ.
ವಿಲ್ಮಾರ್ ಯೋಚಿಸಿ, ಬುರುಡೆ ನನಗೆ ಕೊಟ್ಟು,
ಬಲಗಡೆಗೆ ಬೆರಳು ತೋರಿದ,
ಸಂಜೆ ನಾನು ನಿಲ್ಲಿಸಿ ಬಂದಿದ್ದ ಕಡೆಗೆ.

ಅವಳು ತಟ್ಟನೆ ಅತ್ತ ತಿರುಗಿದಳು,
ಬಂತೇನೋ ಅಂತ.