ಮಂಜು ಬರುವುದು ನಾಲ್ಕಕ್ಕೆ

ಆರಕ್ಕೆ ಬನ್ನಿ ಅಂದಿದ್ದೆ ಫೋನಿನಲ್ಲಿ, ಬ್ಯೂಕ್ಸ್ ಅವರೇ.
ಬೇಡ, ಮೂರಕ್ಕೇ ಬನ್ನಿ.
ನಮ್ಮ ಪೋರ್ಟ್ ನಾಲತ್ತಿನಲ್ಲಿ ಮಂಜು ಬರುವುದು ನಾಲ್ಕಕ್ಕೆ.
ಬಂತೆಂದರೆ ಮುಗಿಯಿತು,
ಜೆಟ್ಟಿ ಇಲ್ಲ, ದೋಣಿಗಳಿಲ್ಲ,
ಇಡೀ ಅಟ್ಲಾಂಟಿಕ್ ಒಂದು ಸುಣ್ಣ ಬಳಿದ ಗೋಡೆ.
ಸ್ಪ್ರಿಂಗ್‌ಬಾಕ್‌ನಿಂದ ಒಂದೂವರೆ ಗಂಟೆಯ ದಾರಿ.
ಪೆಟ್ರೋಲ್ ತುಂಬಿಸಿಕೊಂಡೇ ಹೊರಡಿ.

ನಿಮ್ಮ ದರ ನಾಲ್ಕು ಸಾವಿರ ರ‍್ಯಾಂಡ್. ಒಪ್ಪಿದೆ.
ಒಪ್ಪದೆ ಏನು, ಜನವರಿಯಿಂದ ಬಿಡುವಿನ ಬೆಲ್ಲಿಗೆ
ಫೆಟ್‌ಕುಕ್ ಉಂಡೆ ಕರಿದು ಮಾರಿದ್ದೇವೆ,
ನನ್ನ ಕೂದಲಲ್ಲಿ ಇನ್ನೂ ಎಣ್ಣೆಯ ವಾಸನೆ.
ಆರುನೂರು ಕಮ್ಮಿ ಬಿದ್ದಿದೆ. ಅದನ್ನು ಆಮೇಲೆ ಮಾತಾಡೋಣ.

ಹಿಂದೆ ಕಟ್ಟುವ ಪರದೆ ತರಬೇಡಿ.
ಹೋದ ವರ್ಷದವನು ರಟ್ಟಿನ ಐಫೆಲ್ ಗೋಪುರ ತಂದಿದ್ದ;
ಗಾಳಿಗೆ ಅದು ಮೀನಿನ ಕಾರ್ಖಾನೆಯ ತನಕ ಹೋಯಿತು.
ಇನ್ನೊಂದು. ಅವನ ಪಟಗಳಲ್ಲಿ ನಮ್ಮ ಮಕ್ಕಳಿಗೆ
ಮುಖವೇ ಇರಲಿಲ್ಲ, ಬರೀ ಹಲ್ಲು, ಬರೀ ಟೈ.
ಇವರ ಮೈಬಣ್ಣ ಒಂದೇ ಅಲ್ಲ ನೋಡಿ:
ಒಬ್ಬಳು ಜೇನು, ಒಬ್ಬ ಸುಟ್ಟ ಇಟ್ಟಿಗೆ,
ಡೆಸ್ವಿನ್ ಅಂತೂ ಒದ್ದೆ ಬಂಡೆಯಂಥ ಕಪ್ಪು, ಹೊಳೆಯುತ್ತಾನೆ.
ಒಬ್ಬೊಬ್ಬರಿಗೂ ಬೇರೆಯೇ ಬೆಳಕು ಹಿಡಿಯಬೇಕು.
ಹೊತ್ತು ಹಿಡಿಯುತ್ತದೆ ಅನ್ನುತ್ತೀರಿ. ಹಿಡಿಯಲಿ.
ಹನ್ನೆರಡು ವರ್ಷ ಹಿಡಿದಿದೆ ಅವರಿಗೆ, ಈ ರಾತ್ರಿಯ ತನಕ ಬರಲು.

ಗೇಟಿನಲ್ಲಿ ಊರಿಗೆ ಊರೇ ಕೂತಿರುತ್ತದೆ,
ಕುರ್ಚಿ ತಂದು, ಕಂಬಳಿ ಹೊದ್ದು, ಥರ್ಮಾಸ್ ಸಮೇತ.
ಯಾರು ಯಾತರಲ್ಲಿ ಬಂದಿಳಿದರು ಎಂಬುದೇ ಅರ್ಧ ಹಬ್ಬ.
ಲಿಯಾಂಡ್ರೆ ಬರುವುದು ಟ್ರೇಲರಿನ ಮೇಲಿನ ದೋಣಿಯಲ್ಲಿ,
ಅವನಪ್ಪ ಕಡಲ ತಳದಿಂದ ವಜ್ರದ ಜಲ್ಲಿ ಹೀರುವ ದೋಣಿ.
ಡೀಸೆಲ್ ನಾತ ಪಟದಲ್ಲಿ ಬರುವುದಿಲ್ಲ, ಪುಣ್ಯ.

ಇನ್ನು ಕೊನೆಯ ಮಾತು. ಓದಿ ಹರಿದುಹಾಕಿ.
ಇಪ್ಪತ್ತಮೂರು ಮನೆಗೆ ಒಪ್ಪಿಗೆ ಚೀಟಿ ಕಳಿಸಿದ್ದೆ.
ಇಪ್ಪತ್ತೆರಡು 'ಆಗಲಿ' ಎಂದು ಬಂದವು.
ಒಂದರಲ್ಲಿ 'ಬೇಡ'. ಪೆನ್ನು ಕಾಗದವನ್ನು ತೂತು ಮಾಡಿತ್ತು.
ರೊನೆಲ್ಡಾ. ಎರಡು ವರ್ಷದ ಹಿಂದೆ ತಾಯಿಯ ಜೊತೆ
ಒಂದೇ ಪೆಟ್ಟಿಗೆ ಹಿಡಿದು ರಾತ್ರಿ ಬಸ್ಸಿನಿಂದ ಇಳಿದವಳು.
ಎಲ್ಲೋ ಒಬ್ಬ ಗಂಡಸು ಇನ್ನೂ
ಫೋನಿನಲ್ಲಿ ಒಂದೊಂದೇ ಮುಖ ಸರಿಸುತ್ತ ಕೂತಿದ್ದಾನೆ.
ಅವಳ ಗೌನು ಪಾಚಿ ಹಸಿರು. ಆ ಹಸಿರು ಕಂಡರೆ
ಕ್ಯಾಮೆರಾ ಇಳಿಸಿ. ಗುಂಪಿನಲ್ಲೂ. ಮೂಲೆಯಲ್ಲೂ. ಬೆನ್ನು ಕೂಡ.

*

ಮಂಜು ಅವತ್ತು ಮೂರಕ್ಕೇ ಬಂತು.
ಬ್ಯೂಕ್ಸ್ ಬಂದದ್ದು ಮೂರೂಕಾಲಿಗೆ. ಜೆಟ್ಟಿಯ ಆಸೆ ಬಿಟ್ಟೆವು.
ಸಭಾಂಗಣದಲ್ಲಿ ಒಂದು ಟ್ಯೂಬ್‌ಲೈಟ್ ಸಾಯಲೋ ಬೇಡವೋ ಅನ್ನುತ್ತಿತ್ತು.
ಅವರು ಸುತ್ತ ನೋಡಿದರು, ಹಸಿರು ಗೌನಿನವಳನ್ನು ಕರೆದರು,
ಬಾಗಿಲಿನಷ್ಟು ದೊಡ್ಡ ಬಿಳಿ ಹಲಗೆ ಅವಳ ಕೈಗಿಟ್ಟರು:
'ಇಲ್ಲಿ ನಿಲ್ಲು ಮಗಳೇ, ನನ್ನ ಪಕ್ಕ. ಕ್ಯಾಮೆರಾದ ಈಚೆ.'

ನನಗೆ ಹೊಳೆದೇ ಇರಲಿಲ್ಲ
ಹಬ್ಬದಲ್ಲಿದ್ದೂ ಪಟದಲ್ಲಿರದೆ ಇರಲು
ಇಂಥದೊಂದು ಜಾಗ ಇದೆ ಎಂದು.

ರಾತ್ರಿ ಹತ್ತರ ತನಕ ಹಿಡಿದಳು. ನಡುವೆ ಎರಡು ಕುಣಿತಕ್ಕೆ
ಹಲಗೆಯನ್ನು ಗೋಡೆಗೊರಗಿಸಿ ಓಡಿದಳು, ಚಪ್ಪಲಿ ಬಿಟ್ಟು;
ಬ್ಯೂಕ್ಸ್ ಆಗ ಲೆನ್ಸಿಗೆ ಮುಚ್ಚಳ ಹಾಕಿ
ಎರಡೂ ಸಲ ಸಮೋಸಾ ತಿಂದರು.

ಪಟಗಳು ಬಂದಿವೆ. ಎಲ್ಲರಿಗೂ ಮುಖ ಇದೆ.
ದೊಡ್ಡದು ಮಾಡಿ ನೋಡಿದರೆ ಒಬ್ಬೊಬ್ಬರ ಕಣ್ಣಾಲಿಯಲ್ಲೂ
ಸಾಸಿವೆಯಷ್ಟು ಬಿಳಿ ಚೌಕ.
ಇಪ್ಪತ್ತೆರಡು ಜೊತೆ ಕಣ್ಣು, ನಲವತ್ತನಾಲ್ಕು ಚೌಕ.
ಡೆಸ್ವಿನ್‌ನ ಎಡಗಣ್ಣಿನಲ್ಲಿ, ಚೌಕದ ಕೆಳಗೆ,
ಹಸಿರು ಇದ್ದರೂ ಇರಬಹುದು.

ಅವಳ ತಾಯಿ ಪಾಳಿ ಮುಗಿಸಿ ಬಂದಳು, ರಬ್ಬರ್ ಬೂಟಿನಲ್ಲೇ.
ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ಆ ಕಣ್ಣನ್ನೇ ನೋಡಿದಳು.
'ಗೌನಿನ ಅಂಚು ಕಾಣುವುದಿಲ್ಲ, ಟೀಚರ್' ಅಂದಳು.
'ಮೂರು ರಾತ್ರಿ ಹಿಡಿಯಿತು, ಅದೊಂದು ಅಂಚಿಗೆ.'