ಹಣಕೋಣದ ಎಚ್

ಗೊತ್ತಾದಾಗ ಸಂಜೆ ಆರು.
ಪರದೆಯ ಮೇಲಿದ್ದ ಹಳದಿ ಫೋಲ್ಡರುಗಳಿಗೆಲ್ಲ
ಮೂಲೆಯಲ್ಲೊಂದು ಬಾಣದ ಗುರುತು,
ತೂಕ ನೋಡಿದರೆ ಎಲ್ಲಕ್ಕೂ ಒಂದೇ.
ಬಾಡದ ಮದುವೆ, ಬೈತಖೋಲದ ಬಾರಸೆ,
ಕಾಜುಬಾಗದ ಹನ್ನೆರಡನೇ ದಿನ,
ಮೀನು ಸೊಸೈಟಿಯ ವರದಿ ಅರವತ್ತು ಪುಟ,
ಎಲ್ಲ ಒಂದೊಂದು ಕೆಬಿ.
ಒತ್ತಿದರೆ ಒಳಗೇನೂ ಇಲ್ಲ.
ಖಾಲಿ ಬುಟ್ಟಿಗೂ ತುಂಬಿದ ಬುಟ್ಟಿಗೂ
ಒಂದೇ ತೂಕ ತೋರಿಸುವ ತಕ್ಕಡಿಯನ್ನು
ಹೊಳೆಗೆ ಎಸೆಯುತ್ತಿದ್ದಳು ನನ್ನ ಆಯಿ,
ನಲವತ್ತು ವರ್ಷ ಮೀನುಪೇಟೆಯಲ್ಲಿ ಕೂತವಳು.

ಯಾರ ಪೆನ್‌ಡ್ರೈವು?
ಬೆಳಿಗ್ಗೆ ಇಗರ್ಜಿಯ ಹಾಡಿನ ಪಟ್ಟಿ ತಂದ ಸಾವೇರ,
ಮಧ್ಯಾಹ್ನ ಬಯೋಡೇಟಾ ತಿದ್ದಿಸಿದ ಹುಡುಗ,
ದಾರ ಕಟ್ಟಿ ಕೊರಳಿಗೇ ಹಾಕಿಕೊಂಡು ಬಂದ
ಸ್ವಸಹಾಯ ಸಂಘದ ಶೇವಂತಿಬಾಯಿ.
ಬೈಯಲು ಒಂದು ಹೆಸರು ಬೇಕಿತ್ತು.
ಶೇವಂತಿಬಾಯಿಯನ್ನೇ ಬೈದೆ ಮನಸ್ಸಲ್ಲಿ,
ಹಳೇ ಬಿಲ್ಲು ಇನ್ನೂ ಬಾಕಿ ಇತ್ತಲ್ಲ.

ರೋಹಿದಾಸನಿಗೆ ಫೋನು.
ಐಸ್ ಫ್ಯಾಕ್ಟರಿಯಲ್ಲಿ ಅವನಿಗೆ ರಾತ್ರಿ ಪಾಳಿ,
ಹಿಂದೆ ಗಡಗಡ ಗಡ್ಡೆ ಪುಡಿಯಾಗುವ ಸದ್ದು.
“ಮೊದಲು ನೆಟ್ಟು ಕಿತ್ತುಹಾಕು. ಆಫ್ ಮಾಡಿ ಆನ್ ಮಾಡು.
ಎಫ್ ಎಂಟು ಒತ್ತುತ್ತಲೇ ಇರು, ಬಿಡಬೇಡ.”
ಉಪ್ಪುಗಾಳಿಗೆ ಅಂಟಿಕೊಂಡಿತ್ತು ಆ ಕೀಲಿ,
ಹೆಬ್ಬೆರಳು ಊರಿ ಒತ್ತಿದೆ.
ಕಪ್ಪು ಪರದೆ, ನಾಲ್ಕು ಮೂಲೆಗೂ ಸೇಫ್ ಮೋಡ್.
ದಪ್ಪ ಅಕ್ಷರ, ಕಮ್ಮಿ ಬಣ್ಣ,
ಸಾಮಾನೆಲ್ಲ ಅಂಗಳಕ್ಕಿಟ್ಟು
ಸುಣ್ಣ ಬಳಿಯುವ ದಿನದ ಮನೆ.

ಸ್ಕ್ಯಾನು ಹೊರಟಿತು,
ಇಳಿತದಲ್ಲಿ ಕಾಳಿಹೊಳೆಗೆ ಇಳಿದು
ಕಾಲ್ಬೆರಳಲ್ಲೇ ಬಳಚು ಹುಡುಕುವವರ ಹಾಗೆ
ಕೆಸರನ್ನು ಅಂಗುಲ ಅಂಗುಲ ತಡವುತ್ತ.
ಎಂಟು ಗಂಟೆ. ಒಂಬತ್ತೂವರೆ.
ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು,
ಯುಪಿಎಸ್ಸು ಕಿರುಚಿ ಹಿಡಿದುಕೊಂಡಿತು.
ಸ್ಟೂಲಿನ ಮೇಲೇ ಗಂಜಿ, ಸುಟ್ಟ ಒಣಮೀನು,
ಎಡಗೈಯಲ್ಲಿ ಮೌಸು.
ಸಿಕ್ಕಿದ್ದು ನಲವತ್ತೊಂದು.
‘ನ್ಯೂ ಫೋಲ್ಡರ್’ ಎಂಬ ಹೆಸರಿನವೇ ಹದಿನೇಳು.
ಹೆಸರಿಡಲು ಸೋಮಾರಿಗಳಾದ ನಮ್ಮಂಥವರನ್ನು
ಅದು ಚೆನ್ನಾಗಿ ಬಲ್ಲದು.

“ಅದು ಸತ್ತಿತು, ಫೈಲು ಮಾತ್ರ ಬರಲಿಲ್ಲವೋ.”
“ಎಲ್ಲೂ ಹೋಗಿಲ್ಲ. ಅಲ್ಲೇ ಇವೆ,
ಕಾಣದ ಹಾಗೆ ಮಾಡಿದೆ ಅಷ್ಟೆ.
ಕಪ್ಪು ಕಿಟಕಿ ತೆರೆ, ಹೇಳಿದ್ದು ಬರಿ.
ಅಟ್ರಿಬ್. ಜಾಗ ಬಿಡು. ಮೈನಸ್ ಎಚ್.”
“ಏನು? ಎಸ್ಸಾ?”
“ಎಚ್ಚು ಮಾರಾಯ್ತಿ, ಹಣಕೋಣದ ಎಚ್ಚು!
ಜಾಗ. ಮೈನಸ್ ಎಸ್, ಸದಾಶಿವಗಡದ್ದು.
ಜಾಗ. ಓರೆಗೆರೆ, ಮತ್ತೆ ಅದೇ ಗಡ.
ಜಾಗ. ಓರೆಗೆರೆ ಡಿ, ದೇವಬಾಗ.
ಕೊನೆಗೆ ನಕ್ಷತ್ರ, ಚುಕ್ಕಿ, ನಕ್ಷತ್ರ.”
ಹೊಳೆಯಾಚೆಯ ಊರುಗಳನ್ನೆಲ್ಲ ಕರೆದು
ಸಾಲಾಗಿ ನಿಲ್ಲಿಸಿ
ಎಂಟರ್ ಒತ್ತಿದೆ.

ಬಾಡದ ಮದುವೆ ಬಂತು. ಬಾರಸೆ ಬಂತು.
ಹನ್ನೆರಡನೇ ದಿನದ ಪದ್ಮಾಕರ ಗಾಂವಕರರೂ ಬಂದರು
ಕೋಟು ಹಾಕಿದ ಫೋಟೋ ಸಮೇತ.
ಅವರ ಬೆನ್ನಿಗೇ, ಕರೆಯದೆ ಬಂದದ್ದು ಇನ್ನೊಂದು:
‘ಹಳೇದು ಬೇಡ’.
ವೈರಸ್ಸು ಮುಚ್ಚಿದ್ದಲ್ಲ ಅದು.
ಹನ್ನೊಂದು ವರ್ಷದ ಹಿಂದೆ ನಾನೇ
ರೈಟ್ ಕ್ಲಿಕ್ಕು, ಹಿಡನ್, ಓಕೆ.
ಎರಡು ಹಾರ್ಡ್‌ಡಿಸ್ಕು ದಾಟಿ
ನನಗೇ ತಿಳಿಯದೆ ನನ್ನ ಜೊತೆ ಬಂದಿದೆ.

ಚಿ. ಸೌ. ನನ್ನ ಹೆಸರು. ಚಿ. ರಾ. ಅವನದು.
ಶನಿವಾರ, ಮುಹೂರ್ತ ಹನ್ನೆರಡು ಹದಿನೆಂಟು.
ನಾನು ಕೂಡಿಸಿದ ಮೊಟ್ಟಮೊದಲ ಕಾರ್ಡು,
ಪ್ರೆಸ್ಸಿಗೆ ಹೋಗದ ಒಂದೇ ಕಾರ್ಡು.
ಯಾಕೆಂಬುದು ಕೋಡಿಬಾಗಕ್ಕೆಲ್ಲ ಗೊತ್ತು,
ಇಲ್ಲಿ ಬರೆಯುವುದಿಲ್ಲ.
ಅಳು ಬರಬಹುದೆಂದು ಕಾದೆ.
ಕಣ್ಣಿಗೆ ಬಂದದ್ದು ಕೊನೆಯ ಸಾಲಿನ ತಪ್ಪು:
‘ಆಶಿರ್ವಾದವೇ ಉಡುಗೊರೆ’.
ಶಿಗೆ ದೀರ್ಘವಿಲ್ಲ.
ದೇವರೇ, ಐನೂರು ಪ್ರತಿ
ಹಾಗೇ ಅಚ್ಚಾಗಿ ಹಂಚಿಹೋಗುತ್ತಿತ್ತಲ್ಲ!
ದೀರ್ಘ ಕೊಟ್ಟೆ. ಸೇವ್ ಮಾಡಿದೆ.

“ಬಂತಾ ಎಲ್ಲ?” ಐಸಿನ ಗದ್ದಲದೊಳಗಿಂದ ಕೂಗು.
“ಬಂತು. ಒಂದು ಹೆಚ್ಚೇ ಬಂತು.”
“ಎಚ್ಚಾ? ಯಾವ ಎಚ್ಚು?”

ಬೆಳಿಗ್ಗೆ ಬಿಲ್ಲಿನ ದುಡ್ಡು ಹಿಡಿದು
ಶೇವಂತಿಬಾಯಿಯೇ ಬಾಗಿಲಲ್ಲಿ,
ಕೊರಳಲ್ಲಿ ಅದೇ ದಾರ.
ಕೂತುಕೊಳ್ಳಿ ಅಂದೆ,
ಮೊದಲು ಅದನ್ನು ಬಿಚ್ಚಿ ಇತ್ತ ಕೊಡಿ.