ಹದಿನೈದನೇ ಫಾರಂ, ಹದಿನೇಳನೇ ಫಾರಂ

ರಾತ್ರಿ ಒಂದೂವರಿ. ವಿದ್ಯಾನಗರದ ದವಾಖಾನಿ.
ಗಾಜಿನ ಮ್ಯಾಲೆ ಒಂದು ಹನಿ ಎಳದು, ಒಣಗಿಸಿ,
ಲೀಶ್ಮನ್ ಬಣ್ಣ ಹೊಯ್ದು ಕುಂತೀನಿ.
ಚೀಟ್ಯಾಗ ಇಷ್ಟ: ಗಣಪತಸಾ ಬಾಕಳೆ, ಮೂವತ್ತನಾಕು,
ಬೆಟಗೇರಿ. ನಾಕು ದಿನದಿಂದ ವಸಡಿನ್ಯಾಗ ರಕ್ತ.

ಎಣ್ಣಿ ಹನಿ ಬಿಟ್ಟು ನೂರರ ಮಸೂರ ಇಳಿಸಿದೆ.
ಕಂಡ್ವು.
ಒಂದೊಂದು ಕಣದ ಹೊಟ್ಟ್ಯಾಗ
ಹೊರಿ ಕಟ್ಟಿ ಇಟ್ಟಂಗ ಕಟ್ಟಿಗಿ.
ಬಿಳಿ ಕಣ ಆಗಬೇಕಾದವು, ಆಗದ ನಿಂತಾವು,
ಸಾಯೂದನ್ನ ಕಲೀಲಿಲ್ಲ,
ಬರೇ ಎರಡಾಗೂದು ಕಲ್ತಾವು.

ಡಾಕ್ಟರಿಗೆ ಫೋನ್ ಹಚ್ಚಿದೆ:
"ಮೇಡಂ, ಮುಂಜಾನಿತನಾ ಕಾಯಬ್ಯಾಡ್ರಿ.
ಗುಳಿಗಿ ಈಗ ಶುರು ಮಾಡ್ರಿ."
ಇಪ್ಪತ್ತೆರಡು ವರ್ಷದಾಗ
ಯಾರಿಗೂ ಹಿಂಗ ಅಪ್ಪಣಿ ಕೊಟ್ಟಾಕಿ ಅಲ್ಲ ನಾನು.

*

ಮೂರನೇ ದಿನ ರಕ್ತ ತಗೀಲಾಕ ಹೋದಾಗ ಕೇಳಿದ:
"ರಮೀಜಕ್ಕಾ, ಕ್ಯಾನ್ಸರ್ ಅಂತಾರ. ಅದು ಹೆಸರಾತು.
ಆಗಿದ್ದೇನು?"
ಹೇಳೂದು ನನ್ನ ಕೆಲಸ ಅಲ್ಲ. ಹೇಳಿದೆ.

"ಎಲುಬಿನ ಮಜ್ಜಿಯೊಳಗ
ಇನ್ನೂ ಏನೂ ಆಗದ ಕಣ ಇರತಾವ.
ಎಲ್ಲಾಕೂ ಒಂದ ಪುಸ್ತಕ.
ಯಾವ ಹಾಳಿ ಓದಬೇಕು ಅನ್ನೂದನ್ನ
ಬೆರಳಿಟ್ಟು ತೋರಸಾಕ ಕೆಲವು ಪ್ರೋಟೀನು.
ಗಾಟಾ ಅನ್ನೂದು ಬೆರಳಿಟ್ರ ಕಣ ಕೆಂಪಾಗತೈತಿ.
ಇನ್ನೊಂದರ ಹೆಸರು ಪಿಯು ಒಂದು..."
"ನಾ ಫೇಲಾದ ಕ್ಲಾಸ್ರಿ ಅದು!" ನಕ್ಕ.
ತುಟಿ ಒಡದು ರಕ್ತ ಬಂತು. ಹತ್ತಿ ಒತ್ತಿದೆ.
"ಅದು ಗೆದ್ರ ಬಿಳಿ.
ನಿನ್ನೊಳಗ ಹದಿನೈದನೇ ವರ್ಣತಂತು ಮುರದು
ಹದಿನೇಳರ ತುಂಡಿಗೆ ಅಂಟೇತಿ.
ಅರ್ಧ ಇದು, ಅರ್ಧ ಅದು, ಎಂಥದೋ ಪ್ರೋಟೀನು ಹುಟ್ಟಿ
ಕಣ ದೊಡ್ಡದಾಗೂ ಹಾಳಿ ಮ್ಯಾಲೇ ಕುಂತೈತಿ.
ಏಳವಲ್ದು."

ಅಂವ ಫ್ಯಾನ್ ತಿರುಗೂದು ನೋಡಿಕೋತ ಮಲಗಿದ್ದ.
"ಬೈಂಡಿಂಗಿನ್ಯಾಗ ಆಗತೈತ್ರಿ ಹಂಗ.
ಹದಿನೈದನೇ ಫಾರಮಿಗೆ ಹದಿನೇಳನೇದು ಹೊಲದ್ರ
ವಾಕ್ಯ ಅರ್ಧಕ್ಕ ನಿಂತು ಬ್ಯಾರೇದು ಶುರು ಆಗತೈತಿ.
ಒಂದು ವರ್ಷ ಪಂಚಾಂಗ ಐನೂರು ಪ್ರತಿ
ಹಂಗ ಹೊಲದಿದ್ದೆ ನಾನು.
ಮದವಿ ಮುಹೂರ್ತ ಹೋಗಿ ಗ್ರಹಣದಾಗ ಮುಗೀತಿತ್ತು.
ಮಾಲಕ್ರು ಬೈದು ದಾರ ಬಿಚ್ಚಿಸಿದ್ರು.
ಇದರ ದಾರ ಯಾರು ಬಿಚ್ಚತಾರ?"

ಗುಳಿಗಿ ತೋರಿಸಿದೆ, ಗಜ್ಜರಿಯ ದೂರದ ಬಳಗ.
ಸಲಾಯಿನ್ ಬಾಟ್ಲ್ಯಾಗ ಅಳತಿ ಮಾಡಿದ ಪಾಷಾಣ.
ಪಾಷಾಣ ಅಂದಕೂಡಲೆ ಅವನ ಹೇಣತಿ ಎದ್ದು ನಿಂತಳು.

ನಮ್ಮಪ್ಪ ಹಳೇಹುಬ್ಬಳ್ಳ್ಯಾಗ ಗಾದಿ ಅರಳಿ ಹಿಂಜಾಂವ.
ಗಂಟಾದ ಅರಳಿ ಬಡದ್ರ ಇನ್ನೂ ಗಟ್ಟಿ ಆಗತೈತಿ,
ಬಿಲ್ಲಿನ ತಂತಿ ಮೀಟಬೇಕು, ಅಂತಿದ್ದ.
ತಾನ ಬಿಡಿಸಿಕೊಂತೈತಿ ಅಂತಿದ್ದ.
ಅದನ್ನ ಆಕಿಗೆ ಹೇಳಿದೆ. ನಂಬಿದಳೋ ಇಲ್ಲೋ,
ಕುಂತಳು.

*

ಒಂಬತ್ತನೇ ದಿನ ಅವನ ಉಸಿರು ಕಟ್ಟಿತು.
ಕಣ ಎಲ್ಲಾ ಒಮ್ಮೆಲೆ ದೊಡ್ಡವಾಗಾಕ ಹೊಂಟು
ಪುಪ್ಪಸದಾಗ ಗರ್ದಿ.
ಎರಡು ರಾತ್ರಿ ಆಕ್ಸಿಜನ್, ಸ್ಟೆರಾಯ್ಡ್.
ಗುಣ ಆಗೂದಕ್ಕೂ ಮನಶ್ಯಾ ಸಾಯಬಹುದು,
ಅದನ್ನ ನಾನು ಅವಳಿಗೆ ಹೇಳಿರಲಿಲ್ಲ.

ಹದಿನೆಂಟನೇ ದಿನದ ಗಾಜು.
ಬಣ್ಣ ತೊಳದು, ಓರಿ ಮಾಡಿ ಒಣಗಿಸಿ ಇಟ್ಟೆ.
ಎಣ್ಣಿ. ಮಸೂರ.
ದುಂಡ ಇದ್ದ ನಡುಗಣ್ಣು ಕವಲೊಡದಿತ್ತು:
ಮೂರು ಹಾಲಿ, ಒಂದರಾಗ ನಾಕು,
ನಡುವ ಕೂದಲೆಳೆಯಂಥಾ ದಾರ.
ಎಣಿಸಿದೆ. ಮತ್ತ ಎಣಿಸಿದೆ.
ದೊಡ್ಡದಾದ ಒಂದು ಕಣದ ಹೊಟ್ಟ್ಯಾಗ ಇನ್ನೂ
ಆ ಹಳೇ ಹೊರಿಯ ಒಂದ ಕಡ್ಡಿ ಉಳದಿತ್ತು.
ಅದ ಕಣ. ಬ್ಯಾರೇದಲ್ಲ.
ನಾಳೆ ಇಷ್ಟೊತ್ತಿಗೆ ಅದು ತನ್ನ ಪಾಡಿಗೆ ಸಾಯತೈತಿ.

ರಿಪೋರ್ಟಿನ್ಯಾಗ ಕಡ್ಡಿಯ ಸುದ್ದಿ ಬರದೆ, ಒಂದು ಸಾಲು.
ಮೊದಲನೇ ರಾತ್ರಿಯ ಗಾಜು, ಇವತ್ತಿಂದು,
ಎರಡೂ ಒಂದ ಪೆಟ್ಟಿಗ್ಯಾಗ ಇಟ್ಟೆ,
ನಂಬರ್ ಹಚ್ಚಿ,
ಹಿಂದ ಮುಂದ ಆಗದಂಗ.